ಕೆಂಪರಾಜಮ್ಮನ ಪಡಿನುಡಿ

ಸತ್ತವರ ದೇಹ ಮುಂದಿಟ್ಟುಕೊಂಡು ನರ ಎಲ್ಲಿದೆ, ನಾಳ ಎಲ್ಲಿದೆ ಅಂತ ಕಲಿಸಬಹುದು. ಆ ದೇಹ ನಮ್ಮನ್ನು ಬೈಯೋದಿಲ್ಲ, ಅಳೋದಿಲ್ಲ, "ನನಗೇನಾಗಿದೆ ಡಾಕ್ಟ್ರೇ" ಅಂತ ಕೈ ಹಿಡಿದು ಕೇಳೋದಿಲ್ಲ. ಆದರೆ ರೋಗಿಗೆ ನಿಜ ಹೇಳಬೇಕೋ ಬೇಡವೋ, ಹೇಳಿದರೆ ಯಾರ ಮುಂದೆ, ಯಾವಾಗ ಅನ್ನೋದನ್ನು ಕಲಿಸೋಕೆ ಯಾರನ್ನು ಮುಂದಿಟ್ಟುಕೊಳ್ಳೋದು ಸ್ವಾಮಿ? ನಾನು ಕಲಿಯುವ ಕಾಲದಲ್ಲಿ ವೈದ್ಯಕೀಯ ನೀತಿಗೆ ಅಂತ ಒಂದು ತೆಳ್ಳನೆಯ ಪುಸ್ತಕ ಇತ್ತು. ಪರೀಕ್ಷೆಯ ಹಿಂದಿನ ದಿನ ಓದಿ, ಮಾರನೆಯ ದಿನ ಬರೆದು, ಅದರ ಮಾರನೆಯ ದಿನ ಮರೆತುಬಿಡ್ತಿದ್ವಿ. ಆಮೇಲೆ ವಾರ್ಡಿಗೆ ಹೋಗಿ ಬದುಕಿರೋ ಮನುಷ್ಯರ ಮೇಲೇ ಕಲಿತ್ವಿ. ಅವರು ಪಟ್ಟ ಪಾಡು ಆ ದೇವರಿಗೇ ಪ್ರೀತಿ.

ಹಾಗಾಗಿ ನಮ್ಮ ಕಾಲೇಜಿಗೆ ಪಡಿನುಡಿ ಬಂದಾಗ ನನಗಿಂತ ಖುಷಿಪಟ್ಟವರು ಇನ್ನೊಬ್ಬರಿರಲಿಲ್ಲ. ದೇಹದಾನ ಮಾಡ್ತಾರಲ್ಲ, ಇದು ಮಾತಿನ ದಾನ. ಒಪ್ಪಿದ ರೋಗಿ ಕೆಲವು ತಿಂಗಳು, ದಿನಾ ಒಂದಿಷ್ಟು ಹೊತ್ತು, ಒಂದು ಕೋಣೆಯಲ್ಲಿ ಕೂತು ಮಾತಾಡ್ತಾರೆ. ಯಂತ್ರ ಕೇಳ್ತಾ ಹೋಗುತ್ತೆ. ಮನೆಯಲ್ಲಿ ಯಾರ ಮಾತು ನಡೆಯುತ್ತೆ, ಸಿಟ್ಟು ಬಂದರೆ ಏನು ಮಾಡ್ತೀರಿ, ಈ ಔಷಧಿ ಬೇಕೋ ಆ ಔಷಧಿ ಬೇಕೋ ಅಂದರೆ ಹೇಗೆ ಯೋಚಿಸ್ತೀರಿ, ಹೀಗೆ. ಮಾತಿನ ಜೊತೆಗೆ ಎಲ್ಲಿ ದನಿ ನಡುಗಿತು, ಎಲ್ಲಿ ಕಣ್ಣು ತಪ್ಪಿಸಿದರು, ಎಲ್ಲಿ ನಗೆಚಾಟಿಕೆ ಮಾಡಿ ಜಾರಿಕೊಂಡರು ಅನ್ನೋದನ್ನೂ ಹಿಡಿದಿಡುತ್ತೆ. ಎಲ್ಲಾ ಸೇರಿಸಿ ಆ ಮನುಷ್ಯ ತೀರ್ಮಾನ ಮಾಡುವ ರೀತಿಯದ್ದೇ ಒಂದು ಪಡಿಯಚ್ಚು ತಯಾರಾಗುತ್ತೆ. ಲ್ಯಾಬಿನಲ್ಲಿ ಗೋಡೆಯಗಲದ ಪರದೆ, ಪರದೆಯ ಮೇಲೆ ಒಂದು ಮಂಚ, ಮಂಚದ ಮೇಲೆ ಅವರು. ಹುಡುಗರು ಮುಂದೆ ಕೂತು ಮಾತಾಡಿದರೆ ಅವರೇ ಮಾತಾಡಿದ ಹಾಗೆ ಉತ್ತರ ಬರುತ್ತೆ. ತರಗತಿ ಮುಗಿದ ಮೇಲೆ ನಾನು ಒಂದು ಗುಂಡಿ ಒತ್ತುತ್ತೇನೆ. ಆ ದಿನ ನಡೆದದ್ದೆಲ್ಲ ಅಳಿಸಿಹೋಗಿ, ಅವರು ದಾನ ಮಾಡಿದ ದಿನ ಹೇಗಿದ್ದರೋ ಹಾಗಾಗಿಬಿಡ್ತಾರೆ.

ನಮ್ಮಲ್ಲಿ ಹತ್ತಾರು ಪಡಿನುಡಿಗಳಿದ್ದವು. ಆದರೆ ಹುಡುಗರ ಜೀವ ಇದ್ದದ್ದು ಕೆಂಪರಾಜಮ್ಮನ ಮೇಲೆ. ಕಂಡಕ್ಟರ್ ಅನ್ನೋ ಕೆಲಸ ಇದ್ದ ಕೊನೆಯ ಕಾಲದಲ್ಲಿ ಟಿ. ನರಸೀಪುರದ ರೂಟಿನಲ್ಲಿ ಚೀಲ ನೇತುಹಾಕಿಕೊಂಡು ಓಡಾಡಿದ ಹೆಂಗಸು. ಏಳು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಆಗಿ ನಮ್ಮಲ್ಲೇ ಚಿಕಿತ್ಸೆ ತಗೊಂಡಿದ್ದರು. ಆಗಲೇ ಮಾತಿನ ದಾನವನ್ನೂ ಮಾಡಿದ್ದರು. ಆಮೇಲೆ ವಾಸಿಯಾಗಿ ಮನೆಗೆ ಹೋಗಿದ್ದರು. ಹುಡುಗರ ಬಾಯಲ್ಲಿ ಅವರು ಲ್ಯಾಬಮ್ಮ. ಯಾರಾದರೂ ನಿಂತುಕೊಂಡೇ ಮಾತು ಶುರು ಮಾಡಿದರೆ, "ಒಳಗ್ ಬಾರ್ಲಾ, ಸೀಟು ಖಾಲಿ ಐತೆ. ಫುಟ್‌ಬೋರ್ಡ್ ಮೇಲೆ ನಿಂತೋನಂಗೆ ಯಾಕ್ ನಿಂತಿದ್ದೀಯ?" ಅಂತ ಗದರುತ್ತಿದ್ದರು. ಆ ಒಂದು ಮಾತಿಗೆ ಹುಡುಗರು ಕುರ್ಚಿ ಎಳೆದುಕೊಂಡು ಕೂತು ಮಾತಾಡೋದು ಕಲಿತರು. ನಾನು ವರ್ಷಗಟ್ಟಲೆ ಬಡಕೊಂಡರೂ ಕಲಿತಿರಲಿಲ್ಲ.

ಅವರ ಪಾಠದ ಮುಖ್ಯ ಪ್ರಶ್ನೆ ಒಂದೇ. ರೋಗ ಮತ್ತೆ ಬಂದರೆ ಏನು ಮಾಡಬೇಕು? ಅಲ್ಲಿಯವರೆಗೆ ತಮಾಷೆ ಮಾಡ್ತಿದ್ದ ಲ್ಯಾಬಮ್ಮ ಆ ಪ್ರಶ್ನೆ ಬಂದ ಕೂಡಲೇ ಸೆರಗಿನ ತುದಿ ತಿರುಚೋಕೆ ಶುರು ಮಾಡ್ತಿದ್ದರು.

"ನಂಗೆ ಹೇಳ್ಬ್ಯಾಡಿ ಕಣಪ್ಪ. ನನ್ ತಮ್ಮ ಲಿಂಗರಾಜು ಅವ್ನೆ, ಅವ್ನಿಗೆ ಹೇಳಿ. ಅವ್ನು ಹೆಂಗಂದ್ರೆ ಹಂಗೆ. ನಂಗೆ ಆ ಹೆಸ್ರು ಕಿವಿಗೇ ಬೀಳದು ಬ್ಯಾಡ."

ಇದರ ಮೇಲೆ ತರಗತಿಯಲ್ಲಿ ಜಗಳವೋ ಜಗಳ. ರೋಗಿಗೆ ಹೇಳದೆ ಮನೆಯವರಿಗೆ ಹೇಳೋದು ತಪ್ಪು, ಪುಸ್ತಕದಲ್ಲೇ ಇದೆ ಅಂತ ಅರ್ಧ ಜನ. ಆಗ ಎದ್ದು ನಿಂತವನು ಅಮರೇಶ. ಕೊಪ್ಪಳದ ಕಡೆಯವನು, ಮಾತು ಮೆತ್ತಗೆ, ಆದರೆ ಹಿಡಿದ ಎಳೆ ಬಿಡುವವನಲ್ಲ.

"ಮೇಡಮ್ಮರೇ, ಗೊತ್ತು ಮಾಡ್ಕೊಳ್ಳೋ ಹಕ್ಕು ಅವ್ರದು ಅಂದ್ರ, ಬ್ಯಾಡ ಅನ್ನೋ ಹಕ್ಕೂ ಅವ್ರದೇ ಅಲ್ರೀ? ಅವ್ರು ಬ್ಯಾಡ ಅಂದಮ್ಯಾಲೂ ನಾವು ಹೇಳಿದ್ರ, ಅದು ಅವ್ರ ಸಲುವಾಗಿ ಅಲ್ಲ, ನಮ್ಮ ಸಮಾಧಾನದ ಸಲುವಾಗಿ."

ಭೇಷ್ ಅಂದೆ ನಾನು. ಈಗಲೂ ಅಂತೀನಿ. ವಾದದಲ್ಲಿ ತಪ್ಪಿರಲಿಲ್ಲ. ಎಲ್ಲರ ಎದುರಿಗೇ ಅವನ ಬೆನ್ನು ತಟ್ಟಿದೆ.

ಆಮೇಲೆ ಆದದ್ದು ಕೇಳಿ. ನಮ್ಮ ಆಸ್ಪತ್ರೆಯ ಸಮಿತಿಯವರು ಪಡಿನುಡಿಯನ್ನು ವಾರ್ಡಿಗೂ ತಂದರು. ಪ್ರಜ್ಞೆ ತಪ್ಪಿದ ರೋಗಿಯ ಇಷ್ಟ ಏನಿತ್ತು ಅಂತ ತಿಳಿಯೋಕೆ ಮಾತ್ರ ಅಂತ ಆದೇಶ. ಆದೇಶ ಚೆನ್ನಾಗೇ ಇತ್ತು. ಆದರೆ ಹೊರರೋಗಿಗಳ ಸಾಲು ಗೇಟಿನವರೆಗೆ ನಿಂತಿರುವಾಗ, ಮಂಚದ ಪಕ್ಕ ಕೂತು ಅರ್ಧ ಗಂಟೆ ಮಾತಾಡೋ ಬದಲು ಕೈಯಲ್ಲಿರೋ ಫಲಕ ಒತ್ತಿದರೆ ಒಂದು ಉಸಿರಿಗೆ ಉತ್ತರ ಬರುತ್ತೆ ಅಂದರೆ ಯಾರು ಬಿಡ್ತಾರೆ? ನೋಡ್ತಾ ನೋಡ್ತಾ ಅದೇ ಅಭ್ಯಾಸವಾಯಿತು. "ಪಡಿನುಡಿ ಇದೆಯಾ? ಏನನ್ನುತ್ತೆ?" ಅನ್ನೋದು ರೌಂಡ್ಸಿನ ಮಾಮೂಲಿ ಪ್ರಶ್ನೆಯಾಗಿಹೋಯಿತು.

ಅಮರೇಶ ಹೌಸ್ ಸರ್ಜನ್ ಆಗಿ ಕ್ಯಾನ್ಸರ್ ವಾರ್ಡಿನಲ್ಲಿದ್ದಾಗ ಬೆನ್ನುನೋವು ಅಂತ ಒಬ್ಬ ಹೆಂಗಸು ದಾಖಲಾದರು. ಹುಡುಗ ಕಾರಿಡಾರಿನಲ್ಲಿ ನನ್ನನ್ನು ಓಡಿಬಂದು ಹಿಡಿದ.

"ಮೇಡಮ್ಮರೇ, ಯಾರು ಬಂದಾರ ಗೊತ್ತೇನ್ರೀ? ನಮ್ಮ ಲ್ಯಾಬಮ್ಮ! ಖರೇನ ಲ್ಯಾಬಮ್ಮ!"

ಅವನ ಮುಖ ನೋಡಬೇಕಿತ್ತು ನೀವು. ಸಂಬಂಧಿಕರು ಊರಿಂದ ಬಂದಷ್ಟು ಸಂಭ್ರಮ. ಮಾರನೆಯ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಶುಂಠಿ ಟೀ ಹಿಡಿದುಕೊಂಡು ಹೋಗಿದ್ದನಂತೆ.

"ಏನ್ಲಾ ಇದು, ನಂಗೆ ಶುಂಠಿ ಟೀ ಅಂದ್ರೆ ಜೀವ ಅಂತ ನಿಂಗ್ಯಾರ್ಲಾ ಹೇಳಿದ್ರು?" ಅಂದರಂತೆ ಕೆಂಪರಾಜಮ್ಮ.

ಹುಡುಗ ನಾಚಿಕೊಂಡು ನಕ್ಕನಂತೆ. ಅವರು ಯಾವ ಮಾತಿಗೆ ಯಾವ ಚಟಾಕಿ ಹಾರಿಸ್ತಾರೆ ಅಂತ ಅವನಿಗೆ ಬಾಯಿಪಾಠ. ಅವರು ಹೇಳೋಕೆ ಮುಂಚೆಯೇ ನಗ್ತಿದ್ದ. "ಇನ್ನೂ ನಾನು ಹೇಳೇ ಇಲ್ಲ ಕಣ್ಲಾ, ಆಗ್ಲೇ ಕಿಸೀತೀಯಲ್ಲ, ಒಳ್ಳೇ ಹುಡ್ಗ!" ಅಂತ ಅವರೂ ನಗ್ತಿದ್ದರು. ಅವನಿಗೆ ಅವರು ಎರಡು ವರ್ಷದ ಪರಿಚಯ. ಅವರಿಗೆ ಅವನು ಮೊನ್ನೆ ಕಂಡ ಹುಡುಗ. ಇದು ಅವನ ತಲೆಗೆ ಹೊಳೆಯಲೇ ಇಲ್ಲ.

ಸ್ಕ್ಯಾನ್ ಆಯಿತು. ರೋಗ ಮತ್ತೆ ಬಂದಿತ್ತು. ಈ ಸಲ ಬೆನ್ನುಮೂಳೆಯಲ್ಲಿ. ಮೂಳೆಯ ಒಳಗಿನ ಬೆನ್ನುಹುರಿಯನ್ನು ಗೆಡ್ಡೆ ಒತ್ತೋಕೆ ಶುರು ಮಾಡಿತ್ತು. ಅದನ್ನು ನಿಲ್ಲಿಸೋಕೆ ಕೂಡಲೇ ವಿಕಿರಣ ಕೊಡಬೇಕು, ನಮ್ಮ ಜನ ಕರೆಂಟ್ ಇಡೋದು ಅಂತಾರಲ್ಲ, ಅದು. ಕೊಟ್ಟರೆ ಕಾಲು ಉಳಿಯುತ್ತೆ. ತಡವಾದರೆ ಸೊಂಟದಿಂದ ಕೆಳಗೆ ಸ್ವಾಧೀನ ಹೋಗುತ್ತೆ, ಹೋದದ್ದು ತಿರುಗಿ ಬರೋದು ಕಷ್ಟ. ಯುನಿಟ್ಟಿನ ಮುಖ್ಯಸ್ಥರು ರೌಂಡ್ಸಿನ ನಡುವೆ ಕೇಳಿದರು, "ಪಡಿನುಡಿ ಇದೆಯಾ?" ಇದೆ ಸರ್, ತಮ್ಮನಿಗೆ ಹೇಳಿ ಅನ್ನುತ್ತೆ ಅಂದ ಅಮರೇಶ. "ಹಾಗಾದ್ರೆ ತಮ್ಮನನ್ನು ಕರೆದು ಮಾತಾಡು" ಅಂತ ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು.

ಅಮರೇಶ ತಮ್ಮನನ್ನು ಕೂರಿಸಿಕೊಂಡು, ನೀರು ಕೊಟ್ಟು, ಒಂದೊಂದಾಗಿ ಹೇಳಿದ. ಲಿಂಗರಾಜು ಹಿಟ್ಟಿನ ಗಿರಣಿ ಇಟ್ಟುಕೊಂಡವರು, ಅಕ್ಕ ಅಂದರೆ ಪ್ರಾಣ. ಮದುವೆಯ ಗೋಜಿಗೇ ಹೋಗದೆ ತಮ್ಮನನ್ನು ಓದಿಸಿ, ಗಿರಣಿ ಹಾಕಿಸಿಕೊಟ್ಟ ಅಕ್ಕ. ಎಲ್ಲಾ ಕೇಳಿ, ಟವಲಿನಲ್ಲಿ ಮುಖ ಒರೆಸಿಕೊಂಡು, ಅಕ್ಕನನ್ನು ಮನೆಗೆ ಕರಕೊಂಡು ಹೋಗ್ತೀನಿ ಅಂದರು. ಇವನು ಬೇಡ ಅಂದ, ಕಾಲಿನ ವಿಷಯ ಮತ್ತೆ ಹೇಳಿದ, ಕೈಮುಗಿದ. ಅವರು ಸಹಿ ಹಾಕಿ ಕರಕೊಂಡು ಹೋಗೇಬಿಟ್ಟರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಲ್ಯಾಬಮ್ಮ ಮನೆಗೆ ಹೋದರು ಅಂತಷ್ಟೇ ಕೇಳಿದ್ದೆ, ಒಳ್ಳೇದಾಯ್ತು ಅಂದುಕೊಂಡಿದ್ದೆ.

ಆ ಭಾನುವಾರ ನಾನು, ನಮ್ಮ ಯಜಮಾನರು ಹೋಟೆಲಿಗೆ ತಿಂಡಿಗೆ ಹೋಗಿದ್ವಿ. ಮಾಣಿ ಬಂದು ನಿಂತ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ನನಗೆ ಪೂರಿ, ಅವಳಿಗೆ ಸೆಟ್ ದೋಸೆ" ಅಂದುಬಿಟ್ಟರು.

"ರೀ, ನಾನು ಎದುರಿಗೇ ಕೂತಿದ್ದೀನಲ್ಲ, ನನ್ನ ಬಾಯಿಗೇನಾಗಿದೆ?" ಅಂದೆ.

"ಯಾವಾಗ್ಲೂ ನೀನು ಅದನ್ನೇ ಅಲ್ವೇನೇ ತಗೊಳ್ಳೋದು?"

"ತಗೊಳ್ತೀನಿ. ಇವತ್ತು ಬೇಡ. ಇವತ್ತು ನನಗೆ ಖಾರಾಬಾತ್ ಬೇಕು."

"ನೀನು ಖಾರಾಬಾತ್ ತಿಂದಿದ್ದು ನಾನು ಜನ್ಮದಲ್ಲೇ ನೋಡಿಲ್ಲ ಕಣೇ," ಅಂತ ಆ ಮನುಷ್ಯ ನಿಜವಾಗಿಯೂ ಆಶ್ಚರ್ಯಪಟ್ಟರು. ಕೇಳದೇ ಇದ್ದರೆ ಎಲ್ಲಿಂದ ನೋಡೋಕಾಗುತ್ತೆ? ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪಾಪ ಪ್ರೀತಿಯಿಂದಲೇ ಹೇಳಿದ್ದು ಅಂತ ಸುಮ್ಮನಾದೆ. ಖಾರಾಬಾತ್ ಏನೂ ಚೆನ್ನಾಗಿರಲಿಲ್ಲ, ಅದು ಬೇರೆ ವಿಷಯ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯೋಕೆ ಹೋದರೆ ಒಳಗಿಂದ ಮಾತು ಕೇಳಿಸ್ತಿತ್ತು. ಅಮರೇಶ ಪರದೆಯ ಮುಂದೆ ಕೂತಿದ್ದ. ಕಣ್ಣು ಕೆಂಪಗಾಗಿದ್ದವು.

"ಅಮ್ಮಾ, ಕಾಲು ಹೋಗ್ತಾವ ಅಂದ್ರೂ ನಿಮಗ ಹೇಳಬಾರ್ದೇನು?" ಅಂತ ಕೇಳ್ತಿದ್ದ.

ಪರದೆಯ ಮೇಲಿನ ಕೆಂಪರಾಜಮ್ಮ ಸೆರಗು ತಿರುಚುತ್ತಾ, "ನನ್ ತಮ್ಮಂಗೆ ಗೊತ್ತಲ್ವಾ? ಅವ್ನು ನೋಡ್ಕತಾನೆ ಬುಡು. ನಂಗೆ ಹೇಳ್ಬ್ಯಾಡಿ" ಅಂದರು.

"ಅಮ್ಮಾ, ತಮ್ಮಾರು ಹೆದರ್ಯಾರ..."

"ನಂಗೆ ಹೇಳ್ಬ್ಯಾಡಿ ಅಂದ್ನಲ್ಲಪ್ಪ."

ಏನೋ ಇದು ಅಂದೆ. ಅವನು ಎಲ್ಲಾ ಹೇಳಿದ. ಮನೆಗೆ ಕರಕೊಂಡು ಹೋದದ್ದು, ಒಂದು ವಾರ ಕಳೆದದ್ದು, ತಮ್ಮ ಫೋನ್ ಎತ್ತದೇ ಇರೋದು. "ಅವ್ರು ಹೇಳಿದಂಗ ಮಾಡೇನ್ರೀ ಮೇಡಮ್ಮರೇ. ಒಂದಕ್ಷರ ತಪ್ಪಿಲ್ಲ. ಆದ್ರೂ ನಿದ್ದಿ ಬರವಲ್ದು. ಅದಕ್ಕ ಇಲ್ಲಿ ಬಂದು ಮತ್ತ ಮತ್ತ ಕೇಳಾಕ್ಹತ್ತೇನಿ. ಪ್ರಶ್ನೀನ ಬ್ಯಾರೆ ಬ್ಯಾರೆ ರೀತಿ ಕೇಳಿದ್ರೂ ಅದೇ ಉತ್ತರ."

"ಆಕೆಯ ಮನೆ ಎಲ್ಲಿದೆ?"

"ಕುಂಬಾರ ಬೀದಿ ಅಂತ್ರೀ. ಬಸ್ ಸ್ಟ್ಯಾಂಡಿನ ಹಿಂದ."

"ಕುಂಬಾರ ಬೀದಿ!" ನನ್ನ ದನಿ ಆಕಾಶಕ್ಕೇರಿತು. "ಕೂಗಿದರೆ ಕೇಳುವಷ್ಟು ದೂರ. ಆ ಹೆಂಗಸು ಉಸಿರಾಡ್ತಾ, ಮಾತಾಡ್ತಾ, ಟೀ ಕುಡೀತಾ ಅಲ್ಲಿ ಕೂತಿದ್ದಾರೆ. ನೀನು ಇಲ್ಲಿ ಗೋಡೆ ಮುಂದೆ ಕೂತು ಅವರನ್ನು ಏನು ಕೇಳ್ತಿದ್ದೀಯೋ ಮಾರಾಯ? ಏಳೋ ಮೇಲೆ! ಆಟೋ ಹಿಡಿ!"

ಹುಡುಗ ಬೆಪ್ಪಾಗಿ ನೋಡಿದ. ಇಷ್ಟು ಬುದ್ಧಿವಂತನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಅಂತ ನಿಮಗೆ ಅನ್ನಿಸಬಹುದು. ಅವನಿಗೆ ಅವರು ಚೆನ್ನಾಗಿ ಗೊತ್ತಿದ್ದರು, ಅದೇ ತೊಂದರೆ ಆಗಿದ್ದು. ಗೊತ್ತಿಲ್ಲದವರನ್ನಾದರೆ ಕೇಳಿರ್ತಿದ್ದ.

ಕುಂಬಾರ ಬೀದಿಯ ಮನೆಯ ಬಾಗಿಲಲ್ಲೇ ಲಿಂಗರಾಜು ಎದುರಾದರು. ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು. ನಮ್ಮನ್ನು ಕಂಡದ್ದೇ ತಡ, ಒಳಗೆ ನೋಡಿ, ಬೆರಳು ತುಟಿಯ ಮೇಲಿಟ್ಟು, ಪಕ್ಕದ ಗಿರಣಿಗೆ ಕರಕೊಂಡು ಹೋದರು.

"ಅಕ್ಕಂಗೆ ಡಿಸ್ಕ್ ಜರುಗೈತೆ ಅಂತ ಹೇಳಿದ್ದೀನಿ ಮೇಡಂ. ಎಣ್ಣೆ ಹಾಕ್ಸ್ತಿದ್ದೀನಿ. ದಯವಿಟ್ಟು ಏನೂ ಅನ್ಬೇಡಿ."

"ಕರೆಂಟ್ ಕೊಡಿಸಿದರೆ ಕಾಲು ಉಳಿಯುತ್ತೆ ಅಂತ ಇವನು ಹೇಳಲಿಲ್ವಾ?"

"ಹೇಳಿದ್ರು. ಆದ್ರೆ ಕರೆಂಟ್ ಇಡೋ ಕೋಣೆಗೆ ಕರ್ಕೊಂಡೋದ್ರೆ ಅವಳಿಗೆ ಗೊತ್ತಾಗಲ್ವಾ ಮೇಡಂ? ಹೋದ ಸಲ ಅದೇ ಕೋಣೇಲಿ ಮಲಗಿದ್ದವಳು ಅವಳು. ಬಾಗ್ಲು ನೋಡಿದ್ ಕೂಡ್ಲೆ ತಿಳ್ಕೊಂಬಿಡ್ತಾಳೆ." ಟವಲಿನಿಂದ ರೆಪ್ಪೆಯ ಹಿಟ್ಟು ಒರೆಸಿಕೊಂಡರು. "ನಂಗೆ ಹೇಳ್ಬ್ಯಾಡ ಅಂತ ಕೈ ಹಿಡ್ಕೊಂಡು ಅಂದಿದ್ಲು ಅವತ್ತು. ಭಾಷೆ ಕೊಟ್ಟಿದ್ದೀನಿ. ಹೇಳದೆ ಕರೆಂಟ್ ಕೊಡ್ಸೋಕೆ ಏನಾದ್ರೂ ದಾರಿ ಇದ್ರೆ ಹೇಳಿ, ಈಗ್ಲೇ ಎತ್ಕೊಂಡು ಬತ್ತೀನಿ."

ನಾನು ಅವರನ್ನು ಬೈಯೋಕೆ ಅಂತಲೇ ಹೋಗಿದ್ದೆ. ಬೈಯೋಕೆ ಬಾಯಿ ಬರಲಿಲ್ಲ. ಅಕ್ಕನ ಮೇಲಿನ ಪ್ರೀತಿಗೇ ಆ ಮನುಷ್ಯ ಅಕ್ಕನ ಕಾಲು ಕಳೀತಿದ್ದರು. ಅಳು ಬಂತು ನನಗೆ.

"ನಾವು ಹೇಳೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀವಿ. ಅಷ್ಟಕ್ಕೆ ಬಿಡಿ," ಅಂದೆ. ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತರು.

ಕೆಂಪರಾಜಮ್ಮ ಮುಂದಿನ ಕೋಣೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪರದೆಯ ಮೇಲೆ ವಸ್ತ್ರ ಕಟ್ಟಿದ್ದ ತಲೆಯಲ್ಲಿ ಈಗ ಬೆಳ್ಳನೆಯ ಕೂದಲು, ಮುಖ ಅಲ್ಲಿಗಿಂತ ತೆಳ್ಳಗೆ. ಅಮರೇಶನನ್ನು ಕಂಡು ಮುಖ ಅರಳಿತು. "ಬಾರ್ಲಾ ಟೀ ಡಾಕ್ಟ್ರೇ!" ಅಂದರು. ಮಂಚದಿಂದ ಇಳಿಬಿಟ್ಟಿದ್ದ ಎಡಗಾಲಿನ ಮನೆಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು, ಬಲಗಾಲಿನದ್ದು ಅರ್ಧ ಜಾರಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಅಮರೇಶನ ಕಣ್ಣು ಅಲ್ಲೇ ನೆಟ್ಟಿತ್ತು.

ಅವನು ಕುರ್ಚಿ ಎಳೆದುಕೊಂಡು ಕೂತ. ನಾನು ಹಿಂದೆ ನಿಂತೆ. ಲ್ಯಾಬಿನಲ್ಲಿ ಅವನಿಗೆ ಮಾತು ಸರಾಗವಾಗಿ ಬರ್ತಿತ್ತು. ಇಲ್ಲಿ ಒಂದೊಂದೇ ಹೆಕ್ಕಿಕೊಂಡು ಶುರು ಮಾಡಿದ.

"ಅಮ್ಮಾ, ನಿಮ್ಮ ಸ್ಕ್ಯಾನ್ ರಿಪೋರ್ಟ್ ಬಂದೈತಿ. ಅದರ ಬಗ್ಗೆ ನಿಮಗ ಎಷ್ಟು ಗೊತ್ತಾಗಬೇಕು ಅನ್ನಿಸ್ತೈತಿ? ಎಲ್ಲಾ ಹೇಳಬೇಕೋ, ಒಂದಿಷ್ಟೋ, ಏನೂ ಬ್ಯಾಡವೋ? ನಿಮಗ ಹೇಳಬೇಕೋ, ಬ್ಯಾರೆ ಯಾರಿಗಾದ್ರೂ ಹೇಳಬೇಕೋ?"

ಕೆಂಪರಾಜಮ್ಮನ ನಗು ನಿಂತಿತು. ಅವನನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ನೋಡಿದರು.

"ರಿಪೋರ್ಟು ವಾರದ ಹಿಂದೆಯೇ ಬಂದಿರ್ಬೇಕಲ್ಲ. ಈಗ ಕೇಳ್ತಿದ್ದೀಯಾ?"

"ಹೌದ್ರೀ ಅಮ್ಮಾ."

"ಬಸ್ಸಲ್ಲಿ ಟಿಕೆಟ್ ತಗಳ್ದೆ ಕುಂತೋನು ಹೆಂಗೆ ಕಿಟಕಿ ಕಡೆ ನೋಡ್ತಾನೆ ಅಂತ ನಂಗೆ ಗೊತ್ತಿಲ್ವಾ? ವಾರದಿಂದ ಇವ್ನು ಹಂಗೇ ನೋಡ್ತಾವ್ನೆ." ತಮ್ಮನ ಕಡೆ ಗದ್ದ ಎತ್ತಿದರು. "ಪಾಯಸ ಮಾಡ್ಸ್ತಾನೆ, ಸೀರೆ ತತ್ತಾನೆ. ಅಕ್ಕ ಅಕ್ಕ ಅಂತಾನೆ, ಕಣ್ಣು ಮಾತ್ರ ಕೊಡಾಕಿಲ್ಲ. ನಾನೇನು ಹಾಲು ಕುಡಿಯೋ ಮಗೂನಾ? ನನ್ನ ಕೇಳ್ದೆ ಇವ್ನಿಗೆ ಹೇಳು ಅಂತ ನಿಂಗೆ ಯಾರ್ಲಾ ಹೇಳಿದ್ದು?"

ಅಮರೇಶ ತಲೆ ತಗ್ಗಿಸಿದ. "ನೀವೇ ರೀ ಅಮ್ಮಾ."

"ನಾನಾ!"

ಅವನು ಲ್ಯಾಬಿನ ವಿಷಯ ಹೇಳಿದ. ಏಳು ವರ್ಷದ ಹಿಂದೆ ಅವರು ಕೂತು ಆಡಿದ ಮಾತು, ಎರಡು ವರ್ಷ ತಾನು ಅದನ್ನು ಕೇಳಿಕೊಂಡು ಬಂದದ್ದು, ಶುಂಠಿ ಟೀ ಗೊತ್ತಾದದ್ದು ಹೇಗೆ ಅನ್ನೋದು. ಕೆಂಪರಾಜಮ್ಮ ಎರಡೂ ಕೈಯಿಂದ ತಲೆಗೂದಲು ಸವರಿಕೊಂಡರು. ಆಮೇಲೆ ಅಂದರು:

"ಅವತ್ತು ನಂಗೆ ಹೆದ್ರಿಕೆ ಆಗಿತ್ತು ಕಣಪ್ಪ. ಕೂದ್ಲೆಲ್ಲಾ ಉದುರೋಗಿತ್ತು, ಬಾಗ್ಲು ಬಡುದ್ರೆ ಎದೆ ಹೊಡ್ಕಳದು. ಹೆದ್ರಿದವಳು ಆಡಿದ್ ಮಾತು ಅದು. ಸುಳ್ಳಲ್ಲ. ಅವತ್ತಿಗೆ ಅದೇ ನಿಜ. ಆದ್ರೆ ಆಮೇಲೂ ನಾನು ಬದುಕಿದ್ದೀನಲ್ಲಪ್ಪ! ಏಳು ವರ್ಷ ಸುಮ್ನೆ ಕುಂತಿದ್ದೆ ಅನ್ಕಂಡ್ರಾ ಎಲ್ಲಾರೂ?"

"ತಪ್ಪಾತ್ರೀ ಅಮ್ಮಾ," ಅಂದ ಅಮರೇಶ. ಹುಡುಗ ಅಳ್ತಿದ್ದ.

"ಅಳೋದು ಆಮೇಲೆ ಮಾಡುವಂತೆ. ಈಗ ಹೇಳು, ಎಲ್ಲಾನೂ. ಲಿಂಗ, ನೀನು ಬಾಗ್ಲಾಗೆ ನಿಂತ್ಕಬ್ಯಾಡ, ಬಂದು ಪಕ್ಕದಲ್ಲಿ ಕೂತ್ಕೊ. ನಂಗೂ ಒಬ್ರು ಬೇಕು."

ಅವನು ಹೇಳಿದ. ರೋಗದ ಹೆಸರು ಹೇಳುವಾಗ ಲಿಂಗರಾಜು ಕಣ್ಣು ಮುಚ್ಚಿಕೊಂಡರು, ಅಕ್ಕ ಮುಚ್ಚಲಿಲ್ಲ. ವಾಸಿ ಆಗೋದಿಲ್ಲ ಅನ್ನೋದನ್ನೂ ಹೇಳಿದ. ಕಾಲಿನ ವಿಷಯ ಹೇಳಿದ, ತಡವಾಗಿರೋದನ್ನೂ ಬಚ್ಚಿಡಲಿಲ್ಲ. ಅವರು ಎರಡೇ ಪ್ರಶ್ನೆ ಕೇಳಿದರು. ನೋವು ಕಮ್ಮಿ ಆಗುತ್ತಾ? ಬಚ್ಚಲಿಗೆ ನಾನೇ ಹೋಗೋಕಾಗುತ್ತಾ? ಮೊದಲನೆಯದಕ್ಕೆ ಹೌದು ಅಂದ. ಎರಡನೆಯದಕ್ಕೆ, ಗೊತ್ತಿಲ್ಲ ಅಮ್ಮ, ಇವತ್ತೇ ಶುರು ಮಾಡಿದರೆ ಆಸೆ ಇದೆ ಅಂದ.

"ಹಂಗಾರೆ ಇನ್ನೇನ್ ನೋಡ್ತಿದ್ದೀರಾ? ಎತ್ಕಳಿ ನನ್ನ," ಅಂದರು ಕೆಂಪರಾಜಮ್ಮ.

ಬಲಗಾಲು ಉಳಿಯಿತು. ಎಡಗಾಲಿನ ಸ್ವಾಧೀನ ತಿರುಗಿ ಬರಲಿಲ್ಲ. ಮೊದಲ ದಿನವೇ ಕೇಳಿದ್ದರೆ ಎರಡೂ ಉಳೀತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಅಮರೇಶನಿಗೆ ಹಾಗೇ ಅನ್ನಿಸುತ್ತೆ, ಅಲ್ಲ ಅಂತ ಆಣೆ ಮಾಡೋಕೂ ನನಗಾಗೋದಿಲ್ಲ. ಬೆನ್ನಿನ ನೋವು ಕಮ್ಮಿಯಾಯಿತು. ಕೋಲು ಹಿಡಿದು, ತಮ್ಮನ ಭುಜ ಹಿಡಿದು ಬಚ್ಚಲಿಗೆ ಹೋಗುವಷ್ಟಾಯಿತು. ಸಮಿತಿಯವರ ಮುಂದೆ ನಾನು ಕೂಗಾಡಿ ಬಂದೆ. ಎಚ್ಚರ ಇರೋ ರೋಗಿಯ ಪಡಿನುಡಿ ವಾರ್ಡಿನಲ್ಲಿ ಇನ್ನು ತೆರೆಯೋದೇ ಇಲ್ಲ ಅಂತಾಯಿತು. ನನ್ನ ಕೂಗಾಟಕ್ಕೆ ಹೆದರಿ ಒಪ್ಪಿದರು ಅಂತ ಕೆಲವರು ಹೇಳ್ತಾರೆ, ಹೇಳಲಿ.

ಇನ್ನು ಲ್ಯಾಬಮ್ಮನದು ಉಳಿದಿತ್ತು. ದಾನ ಕೊಟ್ಟವರು ಕೇಳಿದರೆ ಅಳಿಸಿಬಿಡಬಹುದು, ನಿಯಮ ಇದೆ. ತಪಾಸಣೆಗೆ ಬಂದ ಒಂದು ದಿನ ಕೆಂಪರಾಜಮ್ಮನನ್ನು ನಾನೇ ಕೇಳಿದೆ. "ಮೊದ್ಲು ಅವಳನ್ನ ನಾನು ನೋಡ್ಬೇಕು," ಅಂದರು. ಅಮರೇಶ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಹೊಸ ಬ್ಯಾಚಿನ ಹುಡುಗರು ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಪರದೆ ಹೊತ್ತಿಕೊಂಡಿತು. ತಲೆಗೆ ವಸ್ತ್ರ ಕಟ್ಟಿಕೊಂಡ, ದುಂಡುಮುಖದ ಕೆಂಪರಾಜಮ್ಮ ಮಂಚದ ಮೇಲೆ. ಎದುರಿಗೆ ಗಾಲಿಕುರ್ಚಿಯಲ್ಲಿ ಇವರು. ಯಂತ್ರಕ್ಕೆ ಎದುರಿಗಿರೋರು ಯಾರು ಅಂತ ಗೊತ್ತಾಗೋದಿಲ್ಲ, ಯಾರೋ ಡಾಕ್ಟರಮ್ಮ ಅಂದುಕೊಳ್ಳುತ್ತೆ.

"ಹೆಂಗಿದ್ದೀಯವ್ವ?" ಅಂತ ಕೇಳಿದರು ಇವರು.

"ಅಯ್ಯೋ, ಇದ್ದೀನಿ. ನೀವು ಕುಂತೇ ಬಂದಿದ್ದೀರಲ್ಲ, ನಮ್ ಬಸ್ಸಾಗಿದ್ರೆ ಸೀಟಿನ ಗಲಾಟೆನೇ ಇರ್ತಿರ್ಲಿಲ್ಲ," ಅಂತ ನಕ್ಕಿತು ಪರದೆ. ಹುಡುಗರು ನಗಲಿಲ್ಲ. ಇವರು ಮಾತ್ರ ನಕ್ಕರು.

"ನಿನ್ ರೋಗದ ಸುದ್ದಿ ಐತೆ ಕಣವ್ವ. ಹೇಳ್ಲಾ?"

ನಗು ಹೋಯಿತು. ಕೈ ಸೆರಗಿಗೆ ಹೋಯಿತು. "ಬ್ಯಾಡ. ನಂಗೆ ಹೇಳ್ಬ್ಯಾಡಿ. ನನ್ ತಮ್ಮಂಗೆ ಹೇಳಿ."

ಕೆಂಪರಾಜಮ್ಮ ಮುಂದಕ್ಕೆ ಬಾಗಿದರು. ಆ ತಿರುಚುವ ಬೆರಳುಗಳನ್ನೇ ನೋಡಿದರು. ಈಗ ಜೋರು ಮಾಡ್ತಾರೆ, ಹೇಳಿಯೇ ಹೇಳ್ತಾರೆ ಅಂದುಕೊಂಡೆ ನಾನು. ಎಡಗಾಲು ಕಳಕೊಂಡವರು ಅವರು, ಹೇಳೋ ಅಧಿಕಾರ ಅವರಿಗಿಲ್ಲದೆ ಇನ್ಯಾರಿಗಿದೆ?

"ಆಗ್ಲಿ ಕಣವ್ವ, ಹೇಳಾಕಿಲ್ಲ," ಅಂದರು. "ಹೆದ್ರಬ್ಯಾಡ. ನಿಂಗೆ ಯಾವತ್ತು ಬೇಕು ಅನ್ಸುತ್ತೋ ಅವತ್ತು ಕೇಳು."

ಪರದೆಯ ಮೇಲಿನ ಬೆರಳುಗಳು ನಿಧಾನವಾಗಿ ಸೆರಗು ಬಿಟ್ಟವು. ಎಷ್ಟೋ ತರಗತಿ ನಡೆಸಿದ್ದೆ, ಒಂದು ದಿನವೂ ಅವು ಸೆರಗು ಬಿಟ್ಟದ್ದು ನಾನು ನೋಡಿರಲಿಲ್ಲ. ಆ ದಿನದ ಪಾಠ ನಾನು ಅಷ್ಟಕ್ಕೇ ನಿಲ್ಲಿಸಿದೆ.

"ಅಳಿಸ್ಬ್ಯಾಡಿ ಅವಳನ್ನ," ಅಂದರು ಕೆಂಪರಾಜಮ್ಮ ನನ್ನ ಕಡೆ ತಿರುಗಿ. "ಪಾಪ, ಇರ್ಲಿ. ಈ ಹುಡುಗ್ರು ಕೇಳೋದು ಕಲೀಲಿ. ಆದ್ರೆ ಅವಳ್ನ ಕೇಳಿ ನಂಗೆ ಮಾಡ್ಬ್ಯಾಡಿ."

ಅಮರೇಶ ಗಾಲಿಕುರ್ಚಿ ತಿರುಗಿಸಿದ. ಕಾರಿಡಾರಿನ ಕೊನೆಯವರೆಗೂ ನಾನೂ ಜೊತೆಗೆ ನಡೆದೆ. ಬಾಗಿಲ ಹತ್ತಿರ ಅವರು ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದರು.

"ಮೊನ್ನೆ ತೆಗ್ದ ಹೊಸ ಸ್ಕ್ಯಾನ್ ಬಂತೇನ್ಲಾ?"

"ಬಂದೈತ್ರೀ ಅಮ್ಮಾ. ಹೇಳ್ಲ್ಯಾ?"

ಹೊರಗೆ ಗೇಟಿನ ಹತ್ತಿರ ಲಿಂಗರಾಜು ಆಟೋ ನಿಲ್ಲಿಸಿಕೊಂಡು ಕಾಯ್ತಿದ್ದರು. ಕೆಂಪರಾಜಮ್ಮ ಸ್ವಲ್ಪ ಹೊತ್ತು ತಮ್ಮನನ್ನೇ ನೋಡಿದರು.

"ಇವತ್ತು ಬ್ಯಾಡ," ಅಂದರು.

"ಲಿಂಗರಾಜಣ್ಣಾರಿಗೆ?"

"ಅವ್ನಿಗೂ ಬ್ಯಾಡ. ಇವತ್ತು ನಾವಿಬ್ರೂ ಮನೇಗೋಗಿ ಮುದ್ದೆ ಉಣ್ತೀವಿ."

"ಆತ್ರೀ ಅಮ್ಮಾ. ನಾಳೆ ಬಂದು ಕೇಳ್ತೀನಿ."

"ಕೇಳು," ಅಂದರು.

ಆ ರಿಪೋರ್ಟಿನಲ್ಲಿ ಏನಿತ್ತು ಅಂತ ನೀವು ಕೇಳ್ತೀರಿ, ನನಗೆ ಗೊತ್ತು. ನಾನೂ ಓದಿದ್ದೇನೆ. ಆದರೆ ಅವರೇ ಇನ್ನೂ ಬೇಡ ಅಂದಿರುವಾಗ ನಿಮಗೆ ಹೇಗೆ ಹೇಳಲಿ?